ಕೊನೆಯವರ ಹಿಂದೆ ನಡೆಯುತ್ತಿದ್ದ ಥೋರಾ

ನಮ್ಮ ಬಿಟರ್ ವೆಲ್ಸ್‌ನಲ್ಲಿ ಥೋರಾ ಹಸ್ಕೆಟ್ ಎದುರಿಗೆ ಬಂದರೆ ಈಗಲೂ ಕೆಲವರು ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾರೆ. ನನ್ನ ಪೆಟ್ರೋಲ್ ಬಂಕಿಗೆ ಅಂಟಿಕೊಂಡ ಹೋಟೆಲಿಗೆ ಅವಳು ಬಂದು ಕೂತರೆ ಪಕ್ಕದ ಮೇಜಿನವರ ಮಾತು ತಗ್ಗುತ್ತದೆ. ಸ್ವಂತ ಅಣ್ಣನ ಮೇಲೆ ಶೆರಿಫ್‌ಗೆ ದೂರು ಕೊಟ್ಟವಳು ಎಂಬ ಹೆಸರು ಅವಳಿಗೆ ಅಂಟಿಬಿಟ್ಟಿದೆ. ಅದು ನಿಜವೂ ಹೌದು.

ನಾನು, ಥೋರಾ ಒಂದೇ ಶಾಲೆಯಲ್ಲಿ ಓದಿದವರು. ಅವಳ ಅಪ್ಪ ದನ ಸಾಕುತ್ತಿದ್ದರು. ಊರಿನ ಉತ್ತರಕ್ಕೆ, ಕೆಂಪು ಬಂಡೆಗಳ ಮೇಲಿನ ಬಯಲಿನಲ್ಲಿ ಸರ್ಕಾರದ ನೆಲವನ್ನು ಮೇವಿಗೆಂದು ಗುತ್ತಿಗೆ ಹಿಡಿದಿದ್ದರು. ಮನೆಯಲ್ಲಿದ್ದ ಒಳ್ಳೆಯ ಕುದುರೆ ಅವಳ ಅಣ್ಣ ಆರ್ಲೋನದು. ಥೋರಾಳ ಪಾಲಿಗೆ ಅವಳ ಎರಡು ಕಾಲು. ತಪ್ಪಿಸಿಕೊಂಡ ಕರುಗಳ ಹಿಂದೆ ಬೂಟು ತೊಟ್ಟುಕೊಂಡೇ ಬಂಡೆಯಿಂದ ಬಂಡೆಗೆ ಓಡಿ ಬೆಳೆದವಳು. ಓಡುವುದನ್ನು ಆಟವೆಂದು ಕರೆಯುತ್ತಾರೆ ಎನ್ನುವುದು ಅವಳಿಗೆ ಬಹಳ ವರ್ಷ ಗೊತ್ತೇ ಇರಲಿಲ್ಲ. ಮುಂದೆ ಹೆದ್ದಾರಿ ಇಲಾಖೆಯ ಒಬ್ಬನನ್ನು ಮದುವೆಯಾದಳು, ಶಾಲೆಯ ಬಸ್ಸು ಓಡಿಸಿದಳು. ಮಕ್ಕಳಾಗಲಿಲ್ಲ. ಗಂಡ ಶ್ವಾಸಕೋಶದ ಕಾಯಿಲೆಯಿಂದ ಹೋದ. ಅಪ್ಪ ಹಂಚಿಕೊಟ್ಟ ಜಾಗದಲ್ಲಿ ರಸ್ತೆಯ ಈ ಬದಿಗೆ ಅವಳ ಮನೆ, ಆ ಬದಿಗೆ ಆರ್ಲೋ ಮತ್ತು ಅವನ ಹೆಂಡತಿ ರೀವಾಳ ಮನೆ. ಥೋರಾಳ ಊಟ ಹೆಚ್ಚಾಗಿ ಅಣ್ಣನ ಮನೆಯಲ್ಲೇ ಆಗುತ್ತಿತ್ತು.

ಸಾಲ್ಟ್ ಲೇಕ್ ನಗರದಿಂದ ಡೆವಿನ್ ಎಂಬಾತ ಬಂದು, ಈ ಕಣಿವೆಗಳಲ್ಲಿ ಮ್ಯಾರಥಾನ್ ಮಾಡಿಸುತ್ತೇನೆ ಎಂದಾಗ ಊರೆಲ್ಲ ನಕ್ಕಿತು. ನಮ್ಮ ಕಡೆ ದನಗಳೂ ಅವಸರ ಮಾಡುವುದಿಲ್ಲ. ಆದರೆ ಜನ ಬಂದರು. ಮೊದಲ ವರ್ಷ ಬೆರಳೆಣಿಕೆಯಷ್ಟು, ಆಮೇಲೆ ನನ್ನ ಹೋಟೆಲಿನಲ್ಲಿ ಕೂರಲು ಜಾಗ ಸಾಲದಷ್ಟು. ಕಣಿವೆಗಳ ದಾರಿ ಯಾರಿಗೆ ಗೊತ್ತು ಎಂದು ಡೆವಿನ್ ಕೇಳಿದ್ದಕ್ಕೆ ನಾನೇ ಥೋರಾಳನ್ನು ತೋರಿಸಿದ್ದೆ. ಓಟದ ಹಿಂದಿನ ದಿನ ದಾರಿಯುದ್ದಕ್ಕೂ ಗುಲಾಬಿ ರಿಬ್ಬನ್ ಸಿಕ್ಕಿಸುವುದು, ಓಟದ ದಿನ ಎಲ್ಲರಿಗಿಂತ ಕೊನೆಯವರ ಹಿಂದೆ ನಡೆದು ಬರುವುದು ಅವಳ ಕೆಲಸವಾಯಿತು. ಗಂಟು ಹಾಕಿದರೆ ಆಮೇಲೆ ಬಿಚ್ಚಲು ತಡವಾಗುತ್ತದೆಂದು ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳಿಗೆ ರಿಬ್ಬನ್ ಅಂಟಿಸಿ, ಜೂನಿಪರ್ ಕೊಂಬೆಗಳಿಗೆ ಕಚ್ಚಿಸುತ್ತಿದ್ದಳು.

ಕೊನೆಯವರ ಹಿಂದೆ ನಡೆಯುವುದು ಅವಳಿಗೆ ಹೇಳಿ ಮಾಡಿಸಿದ ಕೆಲಸ. ಮುಂದೆ ಓಡುವವರಿಗೆ ಗಡಿಯಾರದ ಚಿಂತೆ. ಹಿಂದೆ ಉಳಿದವರು ಬೇರೆಯೇ ಜನ. ಒಬ್ಬಳು ಗಂಡ ಬಿಟ್ಟುಹೋದ ವರ್ಷ ಬಂದಿದ್ದಳು, ಒಬ್ಬ ಕುಡಿತ ಬಿಟ್ಟ ವರ್ಷ. ಅಳು ಬಂದವರಿಗೆ ಥೋರಾ ಸಮಾಧಾನ ಹೇಳುತ್ತಿರಲಿಲ್ಲ. ಚೀಲದಿಂದ ಉಪ್ಪಿನಲ್ಲಿ ನೆನೆಸಿದ ಸೌತೆಕಾಯಿ ತೆಗೆದುಕೊಟ್ಟು, ಇದನ್ನು ಅಗಿಯುತ್ತಾ ಅಳುವುದು ಕಷ್ಟ, ಒಂದನ್ನು ಮುಗಿಸಿ ಇನ್ನೊಂದು ಮಾಡು ಎನ್ನುತ್ತಿದ್ದಳು. ಒಂದು ವರ್ಷ ತಾನೇ ಓಡಿ, ಕತ್ತಲಾಗುವ ಮೊದಲು ಮುಗಿಸಿದಳು. ಗಂಡ ಸತ್ತ ಮೇಲೆ ಅವಳು ಬಾಯ್ತುಂಬ ನಕ್ಕಿದ್ದನ್ನು ನಾನು ಕಂಡದ್ದು ಆವತ್ತೇ.

ಆರ್ಲೋಗೆ ಈ ಓಟ ಮೊದಲಿನಿಂದ ಸರಿಬರಲಿಲ್ಲ. “ದುಡ್ಡು ಕೊಟ್ಟು ಬಿಸಿಲಲ್ಲಿ ಓಡ್ತಾರಂತೆ,” ಎಂದು ನನ್ನ ಹೋಟೆಲಿನಲ್ಲಿ ಕೂತು ಆಡಿಕೊಳ್ಳುತ್ತಿದ್ದ. “ನನ್ನ ಹತ್ರ ಕಳ್ಸಿ. ಬೇಲಿ ಕಂಬ ನೆಡಿಸ್ತೀನಿ, ಬೆವರು ಪುಕ್ಕಟೆ.”

“ನಿನ್ನ ಹತ್ರ ಕೆಲಸಕ್ಕೆ ಬಂದೋನು ಎರಡನೇ ದಿನ ನಿಂತಿದ್ದಿದ್ಯಾ?” ಎಂದಳು ಥೋರಾ. “ಇವ್ರು ವರ್ಷ ವರ್ಷ ಬರ್ತಾರೆ ನೋಡು.”

ಎಲ್ಲರೂ ನಕ್ಕರು, ಆರ್ಲೋ ಕೂಡ. ಆಗ ಅವರಿಬ್ಬರ ನಡುವೆ ಹಾಗಿತ್ತು.

ಓಟದ ದಾರಿ ಒಂದು ಒಣ ಹಳ್ಳದ ಕವಲಿನಲ್ಲಿ ಬಲಕ್ಕೆ ತಿರುಗಿ, ಬಂಡೆ ಹತ್ತಿ, ಆರ್ಲೋನ ದನಗಳು ನೀರು ಕುಡಿಯುವ ತೊಟ್ಟಿಯ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಅದು ಹಸುಗಳು ಈಯುವ ಕಾಲ. ಬಣ್ಣಬಣ್ಣದ ಅಂಗಿ ತೊಟ್ಟು ಓಡಿಬರುವವರನ್ನು ಕಂಡು ದನ ಬೆದರುತ್ತಿದ್ದವು. ಒಮ್ಮೆ ಯಾರೋ ಬೇಲಿಯ ಗೇಟು ತೆರೆದಿಟ್ಟು ಹೋದರು. ಗಬ್ಬದ ಹಸುವೊಂದು ಹೆದ್ದಾರಿಗಿಳಿದು ಲಾರಿಗೆ ಸಿಕ್ಕಿತು. ಡೆವಿನ್ ಫೋನಿನಲ್ಲಿ ಕ್ಷಮೆ ಕೇಳಿ, ಓಟದ ಚಿತ್ರವಿದ್ದ ಟೀ ಶರ್ಟುಗಳ ಒಂದು ಪೆಟ್ಟಿಗೆ ಕಳಿಸಿದ. ಆರ್ಲೋ ಅವುಗಳಿಂದ ಟ್ರ್ಯಾಕ್ಟರ್ ಒರೆಸಿದ. ದಾರಿಯನ್ನು ತೊಟ್ಟಿಯಿಂದ ದೂರ ಸರಿಸಿ ಎಂದು ತಂಗಿಯ ಮೂಲಕ ಹೇಳಿಸಿದ. ಥೋರಾ ಹೇಳಿದಳು. ನೋಡೋಣ ಎಂದ ಡೆವಿನ್ ಏನನ್ನೂ ಬದಲಿಸಲಿಲ್ಲ. ಆ ಬಂಡೆಯ ಏರಿನಲ್ಲಿ ತೆಗೆದ ಫೋಟೋ ಅವನ ಎಲ್ಲ ಜಾಹೀರಾತುಗಳಲ್ಲೂ ಇತ್ತು. ಥೋರಾ ಎರಡನೆಯ ಸಲ ಒತ್ತಾಯಿಸಲಿಲ್ಲ. ಅವಳಿಗೂ ಆ ಏರು ಇಷ್ಟ.

ಅದರ ಮರುವರ್ಷ ಮೇ ತಿಂಗಳಿಗೇ ಬಿಸಿಲು ನಮ್ಮ ನಡುಬೇಸಿಗೆಯ ಜುಲೈ ಬಿಸಿಲಿನ ಹಾಗೆ ಕಾದಿತ್ತು. ಥೋರಾ ಎಂದಿನಂತೆ ಹಿಂದಿನ ದಿನವೇ ರಿಬ್ಬನ್ ಸಿಕ್ಕಿಸಿ ಬಂದಳು. ಓಟದ ದಿನ ಕಾಲು ಉಳುಕಿದ ಒಬ್ಬ ಹೆಂಗಸಿನ ಜೊತೆ ಎಲ್ಲರಿಗಿಂತ ಹಿಂದೆ ನಡೆದು ಕವಲಿಗೆ ಬಂದಾಗ ಅಲ್ಲಿ ಒಂದೂ ರಿಬ್ಬನ್ ಇರಲಿಲ್ಲ. ದನ ತಿಂದವೇನೋ ಅಂದುಕೊಂಡಳು; ತಿನ್ನುವುದೂ ಉಂಟು. ಮರಳಿನ ಮೇಲೆ ಹೆಜ್ಜೆಗಳು ಚೆದುರಿದ್ದವು. ಕೈಗಡಿಯಾರದಲ್ಲಿ ನಕ್ಷೆ ಇದ್ದವರು ಬಲಕ್ಕೆ ಬಂಡೆ ಹತ್ತಿದ್ದರು. ಕೆಲವರು ನೇರವಾಗಿ ಅಗಲವಾದ ಜೀಪ್ ದಾರಿ ಹಿಡಿದಿದ್ದರು. ಅದು ಸುತ್ತುಬಳಸಿ ಹೆದ್ದಾರಿ ಸೇರುವುದರಿಂದ ಅಪಾಯವಿಲ್ಲ. ಆದರೆ ಒಬ್ಬನ ಹೆಜ್ಜೆ ಮಾತ್ರ ಎಡಗಡೆಯ ಇಕ್ಕಟ್ಟು ಕೊರಕಲಿನೊಳಕ್ಕೆ ಹೋಗಿತ್ತು. ವಾಪಸು ಬಂದ ಹೆಜ್ಜೆ ಇರಲಿಲ್ಲ.

ವಾಕಿಟಾಕಿ ಆ ತಗ್ಗಿನಲ್ಲಿ ಮಾತಾಡುವುದಿಲ್ಲ. ಜೊತೆಗಿದ್ದ ಹೆಂಗಸಿಗೆ ಜೀಪ್ ದಾರಿ ತೋರಿಸಿ, ಓಟಗಾರರಿಗೆ ನೀರು ಕೊಡಲು ಹೆದ್ದಾರಿಯ ಬಳಿ ಹಾಕಿದ್ದ ಡೇರೆಯಲ್ಲಿ ಸುದ್ದಿ ಮುಟ್ಟಿಸಲು ಹೇಳಿ, ಥೋರಾ ಕೊರಕಲಿಗೆ ಹೊಕ್ಕಳು. ಬಹಳ ದೂರ ಹೋದ ಮೇಲೆ ಸೀಟಿಯ ಸದ್ದು ಕೇಳಿಸಿತು. ಸೀಟಿಯೂ ಅಲ್ಲ, ಬರೀ ಉಸಿರು ಎಂದು ಆಮೇಲೆ ನನಗೆ ಹೇಳಿದಳು.

ಅವನ ಹೆಸರು ಮಿಲ್ಟನ್ ಓಸ್ಟ್‌ಬಿ. ಮಿನ್ನೆಸೋಟದವನು, ಶಾಲೆಯಲ್ಲಿ ಬ್ಯಾಂಡ್ ಕಲಿಸಿ ನಿವೃತ್ತನಾದವನು. ನೀರು ಬಿದ್ದು ನುಣುಪಾದ ಬಂಡೆಯ ಮೆಟ್ಟಿಲಿನಿಂದ ಕೆಳಕ್ಕೆ ಜಾರಿ ಸೊಂಟ ಮುರಿದುಕೊಂಡಿದ್ದ. ನೆರಳಿಗೆ ಸರಿಯಲಾಗದೆ ಬಿಸಿಲಿನಲ್ಲೇ ಬಿದ್ದಿದ್ದ. ಥೋರಾ ಇಳಿದು ಹೋಗಿ ತನ್ನ ಅಂಗಿ ಬಿಚ್ಚಿ ಒದ್ದೆ ಮಾಡಿ ಅವನ ಕುತ್ತಿಗೆಗೆ ಸುತ್ತಿದಳು. ಚೂರು ಚೂರು ನೀರು ಕುಡಿಸಿದಳು. ಬಿಸಿಲಿಗೆ ಬೆನ್ನು ಕೊಟ್ಟು ಅವನ ಮುಖಕ್ಕೆ ನೆರಳಾಗಿ ಕೂತಳು. ಅವನು ಒಮ್ಮೆ ಅರ್ಥವಿಲ್ಲದ್ದನ್ನು ಬಡಬಡಿಸುತ್ತಿದ್ದ, ಒಮ್ಮೆ ಮೈತಿಳಿದು ಮಾತಾಡುತ್ತಿದ್ದ.

“ಗುರುತು ಹಾಕಿದ್ದು ಯಾರು?” ಎಂದು ಕೇಳಿದ.

“ನಾನೇ.”

“ಹಾಗಾದ್ರೆ ಕ್ಷಮಿಸ್ಬೇಕು ನೀವು. ಎಲ್ಲೋ ನೋಡದೆ ಬಂದ್ಬಿಟ್ಟೆ. ಈಚೀಚೆಗೆ ಹೀಗೇ ಆಗುತ್ತೆ, ಮಗಳು ಬೈತಿರ್ತಾಳೆ. ನಿಮ್ಮ ದಿನಾನೇ ಹಾಳು ಮಾಡ್ದೆ.”

ಏನೂ ಹಾಳಾಗಲಿಲ್ಲ ಎಂದು ಥೋರಾ ಹೇಳಿದಳು. ಹೊತ್ತು ಇಳಿಯುವ ಮುಂಚೆ ಹೆಲಿಕಾಪ್ಟರ್ ಬಂತು. ಆಸ್ಪತ್ರೆ ಮುಟ್ಟುವ ಮೊದಲೇ ಮಿಲ್ಟನ್ ತೀರಿಕೊಂಡ.

ಶೆರಿಫ್ ವಿಚಾರಿಸಿದ. ಆ ಭಾಗದಲ್ಲಿ ಗುರುತು ಹಾಕುವುದೇ ಮರೆತುಹೋಗಿರಬೇಕು ಎಂದು ಡೆವಿನ್ ಹೇಳಿದ, ಸ್ವಲ್ಪ ತಗ್ಗಿದ ದನಿಯಲ್ಲೇ. ಊರಿನವರು ಥೋರಾಳನ್ನು ಬೈಯಲಿಲ್ಲ. ವಯಸ್ಸಾಯಿತು, ಯಾರಿಗಾದರೂ ಆಗುತ್ತದೆ ಎಂದರು. ಚರ್ಚಿನ ಹೆಂಗಸರು ಆಲೂಗಡ್ಡೆ ಬೇಯಿಸಿ ತಂದುಕೊಟ್ಟರು. ಅವಳು ಊಟ ಬಿಟ್ಟಳು. ಕವಲಿನ ಜೂನಿಪರ್ ಮರಕ್ಕೆ ತಾನು ಕ್ಲಿಪ್ಪು ಕಚ್ಚಿಸಿದ್ದು ಕಣ್ಣಿಗೆ ಕಟ್ಟಿದಂತಿತ್ತು. ಆದರೆ ಅದು ಈ ವರ್ಷದ ನೆನಪೋ ಹೋದ ವರ್ಷದ್ದೋ ಎಂದು ಅವಳಿಗೇ ಅನುಮಾನ ಹತ್ತಿತು. ಹೋಟೆಲಿಗೆ ಬಂದು ನನ್ನೆದುರು ಕೂತು, ತನಗೆ ಅರಳುಮರಳು ಹಿಡಿಯುತ್ತಿದೆಯೇ, ನೀನು ಏನಾದರೂ ಗಮನಿಸಿದ್ದೀಯಾ ಎಂದು ಒಂದು ಸಲವಲ್ಲ, ನಾಲ್ಕು ಸಲ ಕೇಳಿದಳು.

ಆ ವಾರದ ಕೊನೆಗೆ ಅಣ್ಣನ ಮನೆಗೆ ಮೊಟ್ಟೆ ಕೊಡಲು ಹೋದಾಗ ರೀವಾ ಹಿತ್ತಲಿನಲ್ಲಿ ದುಪ್ಪಟಿ ಒಣಹಾಕುತ್ತಿದ್ದಳು. ತಂತಿಯ ಉದ್ದಕ್ಕೂ ಮರದ ಕ್ಲಿಪ್ಪುಗಳು. ಕೆಲವುಗಳ ಬಾಯಲ್ಲಿ ಗುಲಾಬಿ ರಿಬ್ಬನ್ನಿನ ಚೂರು ಇನ್ನೂ ಅಂಟಿಕೊಂಡಿತ್ತು.

ಎಲ್ಲಿಯವು ಇವು ಎಂದು ಥೋರಾ ಕೇಳಿದಳು.

“ಆರ್ಲೋ ಟ್ರಕ್ಕಲ್ಲಿ ಕಾಫಿ ಡಬ್ಬದ ತುಂಬ ಇತ್ತು,” ಎಂದಳು ರೀವಾ. “ಗಟ್ಟಿ ಕ್ಲಿಪ್ಪು, ಬಿಸಾಕೋದ್ಯಾಕೆ ಅಂತ ರಿಬ್ಬನ್ ಕಿತ್ತು ತಗೊಂಡೆ.” ಹೇಳುತ್ತಾ ಹೇಳುತ್ತಾ ನಾದಿನಿಯ ಮುಖ ನೋಡಿ ಅವಳಿಗೂ ತಿಳಿಯಿತು. ಕೈಯಲ್ಲಿದ್ದ ದುಪ್ಪಟಿ ಹಾಗೇ ಮಣ್ಣಿಗೆ ಬಿತ್ತು.

ಆರ್ಲೋ ಕೊಟ್ಟಿಗೆಯಲ್ಲಿ ಪಂಪು ಬಿಚ್ಚಿಕೊಂಡು ಕೂತಿದ್ದ. ತಂಗಿ ಒಂದು ಕ್ಲಿಪ್ಪನ್ನು ಅವನ ಮುಂದಿಟ್ಟಳು. ಅವನು ಸುಳ್ಳು ಹೇಳಲಿಲ್ಲ.

“ಜೀಪ್ ದಾರೀಲಿ ಸುತ್ತಾಕ್ಕೊಂಡು ಹೋಗ್ತಾರೆ ಅಂದ್ಕೊಂಡೆ. ಹಸು ಈಯೋ ಕಾಲ. ಅಷ್ಟೇ ಥೋರಾ. ಆ ಕೊರಕಲಿಗೆ ಯಾವನಾದ್ರೂ ಇಳೀತಾನೆ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ.”

“ಅದನ್ನೇ ಶೆರಿಫ್‌ಗೆ ಹೇಳು.”

“ಹೇಳಿದ್ರೆ ಅವನು ಎದ್ದು ಬರ್ತಾನಾ? ನೆಲ ಹೋಗುತ್ತೆ. ಅಪ್ಪ ಹಿಡಿದ ನೆಲ.” ಆಮೇಲೆ ಮೆತ್ತಗೆ ಹೇಳಿದ: “ಊರಲ್ಲಿ ಎಲ್ರೂ ನೀನು ಮರ್ತೆ ಅಂದ್ಕೊಂಡಿದಾರೆ. ಯಾರೂ ನಿನ್ನನ್ನ ಬೈತಿಲ್ವಲ್ಲ. ಹಂಗೇ ಬಿಟ್ಬಿಡು.”

ಥೋರಾಳಿಗೆ ಮೈ ಉರಿದುಹೋಯಿತು. ತಪ್ಪನ್ನು ತನ್ನ ಮೇಲೆ ಹೊರಿಸಿದ್ದಕ್ಕೆ ಉರಿದದ್ದಲ್ಲ.

“ಅವನು ನನ್ನ ಹತ್ರ ಕ್ಷಮೆ ಕೇಳ್ದ, ಆರ್ಲೋ. ಸೊಂಟ ಮುರ್ಕೊಂಡು ಬಿಸಿಲಲ್ಲಿ ಬೇಯ್ತಾ ಕ್ಷಮೆ ಕೇಳ್ದ. ತಪ್ಪು ತನ್ದೇ ಅಂದ್ಕೊಂಡು ಸತ್ತ.”

ಭಾನುವಾರದವರೆಗೆ ಕಾಯುತ್ತೇನೆ ಎಂದು ಹೇಳಿ ಬಂದಳು. ಭಾನುವಾರ ಚರ್ಚಿನಲ್ಲಿ ಆರ್ಲೋ ಎಂದಿನ ಬೆಂಚಿನಲ್ಲಿ ಎಂದಿನ ಕೋಟು ಹಾಕಿಕೊಂಡು ಕೂತಿದ್ದ. ರೀವಾ ತಲೆ ಎತ್ತಲಿಲ್ಲ. ಸೋಮವಾರ ಬೆಳಗ್ಗೆ ಥೋರಾ ನನ್ನ ಬಂಕಿನಲ್ಲಿ ಪೆಟ್ರೋಲ್ ತುಂಬಿಸಿಕೊಂಡು, ನನ್ನ ಜೊತೆ ಹವಾಮಾನದ ಮಾತಾಡಿ, ನೇರವಾಗಿ ಶೆರಿಫ್ ಕಚೇರಿಗೆ ಹೋದಳು.

ಆರ್ಲೋ ಒಪ್ಪಿಕೊಂಡ. ಆ ಚಳಿಗಾಲವನ್ನು ಜೈಲಿನಲ್ಲಿ ಕಳೆದ. ಮೇವಿನ ಗುತ್ತಿಗೆ ರದ್ದಾಯಿತು. ದನಗಳನ್ನು ಕೊಲರಾಡೋದ ಯಾರೋ ಲಾರಿಗಳಲ್ಲಿ ತುಂಬಿಕೊಂಡು ಹೋದರು. ಡೆವಿನ್ ಓಟವನ್ನು ಬೇರೆ ಊರಿಗೆ ಎತ್ತಿಕೊಂಡು ಹೋದ. ಓಟಗಾರರು ತಂಗುತ್ತಿದ್ದ ವಸತಿಗೃಹ ಮುಚ್ಚಿತು, ನನ್ನ ಹೋಟೆಲಿನಲ್ಲಿ ಅರ್ಧ ಮೇಜುಗಳ ಮೇಲೆ ಕುರ್ಚಿ ಕವುಚಿಟ್ಟೆ. ಇದೆಲ್ಲಕ್ಕೂ ಊರು ಹುಡುಕಿಕೊಂಡ ಕಾರಣ ಥೋರಾ. ಕೊಂದವನು ತಿಳಿಯದೆ ಕೊಂದ, ಇವಳು ತಿಳಿದೂ ತಿಳಿದೂ ಮನೆ ಮುರಿದಳು ಎಂದು ಆಡಿಕೊಂಡರು. ಮನೆಯ ಮಾತನ್ನು ಮನೆಯಲ್ಲೇ ಮುಗಿಸಬಹುದಿತ್ತಲ್ಲ ಸಿಸ್ಟರ್ ಹಸ್ಕೆಟ್ ಎಂದು, ನಮ್ಮ ಚರ್ಚಿನಲ್ಲಿ ಹೆಂಗಸರನ್ನು ಕರೆಯುವ ರೀತಿಯಲ್ಲೇ, ಬಿಷಪ್ ಕೂಡ ಹೇಳಿದರಂತೆ. ಸತ್ತವನ ಮನೆಯೂ ಮನೆಯೇ ಎಂದು ಅವಳು ಉತ್ತರ ಕೊಟ್ಟಳಂತೆ. ಚರ್ಚಿನಲ್ಲಿ ಅವಳ ಬೆಂಚಿನ ಪಕ್ಕ ಯಾರೂ ಕೂರದಾದರು. ಅವಳು ಮಾತ್ರ ಹೋಗುವುದನ್ನು ನಿಲ್ಲಿಸಲಿಲ್ಲ. ರಸ್ತೆಯ ಆಚೆ ಬದಿಯ ಮನೆಗೆ ಹೋಗುವುದು ನಿಂತಿತು. ಜೈಲಿನಿಂದ ಬಂದ ಆರ್ಲೋ ಜಗುಲಿಯಲ್ಲಿ ಕೂತಿದ್ದರೆ ಇವಳು ಕಿಟಕಿಯ ಪರದೆ ಎಳೆಯುತ್ತಿದ್ದಳು. ಮಾಡಿದ್ದು ಸರಿಯೆಂದು ಗೊತ್ತಿದ್ದರೂ ರಾತ್ರಿ ನಿದ್ದೆ ಬರುವುದಿಲ್ಲ ಎಂದು ನನ್ನ ಹತ್ತಿರ ಹೇಳಿಕೊಂಡಳು. ಓಡುವುದನ್ನೂ ಬಿಟ್ಟಳು.

ಮರುವರ್ಷ ವಸಂತದಲ್ಲಿ ಮಿಲ್ಟನ್‌ನ ಮಗಳು ಸಿಗ್ನಿ ಬಂದಳು. ನಲವತ್ತರ ಆಸುಪಾಸಿನವಳು, ಮಾತು ಕಮ್ಮಿ. ಅಪ್ಪ ಬಿದ್ದ ಜಾಗ ನೋಡಬೇಕು ಎಂದಳು. ನಾನು ಫೋನ್ ಮಾಡಿದೆ, ಥೋರಾ ಬಂದು ಕರೆದುಕೊಂಡು ಹೋದಳು. ಮಧ್ಯಾಹ್ನ ಇಬ್ಬರೂ ಹೋಟೆಲಿಗೆ ವಾಪಸು ಬಂದಾಗ ಇಬ್ಬರ ಬೂಟುಗಳೂ ಕೆಂಪಾಗಿದ್ದವು. ನಾನು ಸೂಪು ತಂದಿಟ್ಟೆ.

ಅಪ್ಪ ಏನಾದರೂ ಹೇಳಿದರೇ ಎಂದು ಸಿಗ್ನಿ ಆಗ ಕೇಳಿದಳು. ಥೋರಾ ಅದನ್ನೆಲ್ಲ ಅವನ ಮಾತಿನಲ್ಲೇ ಹೇಳಿದಳು, ಮಗಳು ಬೈಯುತ್ತಾಳೆ ಎಂದದ್ದನ್ನೂ ಬಿಡದೆ.

ಸಿಗ್ನಿ ಚಮಚ ಕೆಳಗಿಟ್ಟಳು. “ಹೊರಡೋ ದಿನಾನೂ ಬೈದಿದ್ದೆ. ಮೈ ಮೇಲೆ ಗ್ಯಾನ ಇಲ್ಲ ನಿಂಗೆ, ಎಲ್ಲೋ ದಾರಿ ತಪ್ಪಿ ಸಾಯ್ತೀಯ ಅಂದಿದ್ದೆ. ನಾನಂದಂಗೇ ಆಯ್ತಲ್ಲ ಅಂತ ಅವರ ಮೇಲೇ ಸಿಟ್ಟು ಇಟ್ಕೊಂಡಿದ್ದೆ, ಪೇಪರಲ್ಲಿ ನಿಮ್ಮಣ್ಣನ ಸುದ್ದಿ ಬರೋವರ್ಗೂ.”

“ಅಲ್ಲಿ ಗುರುತೇ ಇರ್ಲಿಲ್ಲ ಕಣಮ್ಮ,” ಎಂದಳು ಥೋರಾ. “ಅವ್ರು ನೋಡದೆ ಬಿಟ್ಟಿದ್ದು ಏನೂ ಇರ್ಲಿಲ್ಲ.”

ಸಿಗ್ನಿ ಬಹಳ ಹೊತ್ತು ಅತ್ತಳು. ಹೋಟೆಲಿನಲ್ಲಿದ್ದ ಒಂದಿಬ್ಬರು ಟೋಪಿ ಕೈಯಲ್ಲಿ ಹಿಡಿದುಕೊಂಡು ಸದ್ದಿಲ್ಲದೆ ಎದ್ದುಹೋದರು. ಹೊರಡುವಾಗ ಅವಳು ಕಾರಿನ ಬಾಗಿಲು ಹಿಡಿದು ನಿಂತು, ನಾನು ಬಂದ ಕಾರಣದಲ್ಲಿ ಅರ್ಧ ಆರ್ಲೋನನ್ನು ನೋಡುವುದೇ ಆಗಿತ್ತು, ಈಗ ನೋಡುವ ಮನಸ್ಸಿಲ್ಲ, ಇಷ್ಟನ್ನು ಅವನಿಗೆ ತಿಳಿಸಿ ಎಂದಳು. ಥೋರಾಳನ್ನು ತಬ್ಬಿಕೊಳ್ಳಲಿಲ್ಲ, ಕೈ ಹಿಡಿದುಕೊಂಡಳು.

ಆ ಸಂಜೆ ಥೋರಾ ರಸ್ತೆ ದಾಟಿದಳು. ಆರ್ಲೋ ಊಟದ ಮೇಜಿನ ಮುಂದಿದ್ದ. ಅವಳು ಬಾಗಿಲಲ್ಲೇ ನಿಂತು ಸಿಗ್ನಿ ಹೇಳಿದ್ದನ್ನು ಹೇಳಿದಳು, ಒಂದು ಮಾತನ್ನೂ ಮೆದುಮಾಡದೆ. ಆರ್ಲೋ ತಟ್ಟೆಯನ್ನೇ ನೋಡುತ್ತಾ ಕೇಳಿದ. ಆಮೇಲೆ, “ಸರಿ,” ಎಂದ.  ಇದನ್ನೆಲ್ಲ ನನಗೆ ಹೇಳಿದ್ದು ರೀವಾ. ಥೋರಾ ಹಿಂತಿರುಗಲು ಹೊರಟಾಗ ರೀವಾ ಕಪಾಟಿನಿಂದ ಇನ್ನೊಂದು ತಟ್ಟೆ ತೆಗೆದು, ಬೀನ್ಸು ಬಡಿಸಿ, ಮೇಜಿನ ಮೇಲಿಟ್ಟಳು. ಯಾರನ್ನೂ ಕೇಳಲಿಲ್ಲ. ಥೋರಾ ಕೂತು ಉಂಡಳು.