ತಿಪ್ಪೆಯ ಮೇಲಿನ ಗೂಡುಗಳು

ದೊಡ್ಡವ್ವನ ಬಲಗೈ ಮೊಣಕೈ ಹತ್ತಿರ ಸೊಟ್ಟಗಿತ್ತು. ಎಂದೋ ಮುರಿದದ್ದನ್ನು ಸರಿಯಾಗಿ ಕೂಡಿಸಿರಲಿಲ್ಲವಂತೆ. ಆ ಕೈಯಲ್ಲೇ ಸೆಗಣಿ ಬಾಚುವಳು, ರೊಟ್ಟಿ ಬಡಿಯುವಳು, ಮಾತಿಗೊಮ್ಮೆ "ಸಾಕಾಗೇತವ್ವ" ಎಂದು ಅದನ್ನೇ ನೀವಿಕೊಳ್ಳುವಳು. ಸಾಕಾಯಿತೆಂದು ಕೂತದ್ದನ್ನು ಮಾತ್ರ ನಾನು ನೋಡಲಿಲ್ಲ. ತೆಲಿಗಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಪಕ್ಕದವಳು. ನನಗೆ ನೆಂಟಳಲ್ಲ, ಓಣಿಗೆಲ್ಲ ದೊಡ್ಡವ್ವ.

ಆಕೆಯ ತಿಪ್ಪೆಯಂಚಿನಲ್ಲಿ, ಕೊಳೆತ ಜೋಳದ ದಂಟಿನ ಮೇಲೆ, ಮಳೆಗಾಲ ಶುರುವಾದರೆ ಒಂದು ವಿಚಿತ್ರ ಅಣಬೆ ಏಳುತ್ತಿತ್ತು. ಕೊಡೆಯಿಲ್ಲ, ಕಾಲಿಲ್ಲ. ಬೆರಳ ತುದಿಯಷ್ಟು ಬಟ್ಟಲು, ಒಳಗೆ ಹುರುಳಿಗಿಂತ ಸಣ್ಣ ಬೂದು ಮೊಟ್ಟೆಗಳು, ಥೇಟ್ ಹಕ್ಕಿಗೂಡು. ಮಳೆಹನಿ ನೇರ ಬಟ್ಟಲಿಗೆ ಬಿದ್ದರೆ ಮೊಟ್ಟೆ ಮಾರುದೂರ ಸಿಡಿದು, ಬಾಲದಂಥ ಎಳೆಯಿಂದ ಹುಲ್ಲಿಗೆ ಅಂಟಿಕೊಳ್ಳುತ್ತದೆ. ಆ ಹುಲ್ಲನ್ನು ದನ ಮೇದರೆ, ಮೊಟ್ಟೆಯೊಳಗಿನ ಬೀಜದ ಹುಡಿ ಸೆಗಣಿಯಲ್ಲಿ ಹೊರಬಿದ್ದು ಮತ್ತೆ ಹುಟ್ಟುತ್ತದೆ. ಇದನ್ನೆಲ್ಲ ನಾನು ಫೋನಿನಲ್ಲಿ ಓದಿ ಹೇಳಿದಾಗ ದೊಡ್ಡವ್ವ ಆಕಳಿಸಿದಳು. ಆಕೆ ನಂಬಿದ್ದು ಒಂದೇ: ಓಣಿಯಲ್ಲಿ ಬಸುರಿ ಇದ್ದಾಗ ತುಂಬಿದ ಗೂಡಿಗೆ ಸಲಿಕೆ ಹಾಕಬಾರದು.

ಆ ವರ್ಷದ ಬಸುರಿ ನಾನೇ. ಹಿಂದೊಮ್ಮೆ ಗರ್ಭ ನಿಲ್ಲದೆ ಹೋಗಿತ್ತು. ಹರಪನಹಳ್ಳಿಯ ಡಾಕ್ಟರು ಮಲಗಿಯೇ ಇರಲು ಹೇಳಿದ್ದರು. ಬಿತ್ತನೆಗೆ ಮುಂಚೆ ಗೊಬ್ಬರ ಹೊಲ ಸೇರಬೇಕೆಂದು ದೊಡ್ಡವ್ವನ ಮೈದುನ ಟ್ರ್ಯಾಕ್ಟರ್ ತಂದು ನಿಲ್ಲಿಸಿದ. ಮೊದಲ ಮಳೆಗೆ ಗೂಡುಗಳು ಎದ್ದಿದ್ದವು, ಆಮೇಲೆ ಮಳೆಯೇ ಇಲ್ಲ. ಮೊಟ್ಟೆಗಳೆಲ್ಲ ಹಾಗೇ ಇದ್ದವು. ದೊಡ್ಡವ್ವ ಕೊಡದಲ್ಲಿ ನೀರು ತಂದು, ಒದ್ದೆ ಬಟ್ಟೆಯನ್ನು ಎತ್ತರಕ್ಕೆ ಹಿಡಿದು ಹಿಂಡತೊಡಗಿದಳು. ಮೊಟ್ಟೆ ಸಿಡಿದು ಗೂಡು ಖಾಲಿಯಾಗಲೆಂದು ಒಂದೊಂದು ಗೂಡಿಗೂ ಒಂದೊಂದು ಹನಿ. ಕಿಟಕಿಯಿಂದ ನೋಡುತ್ತಿದ್ದ ನನಗೇ ತೋಳು ಸೋತಂತಾಯಿತು. ಮೈದುನ ಬೀಡಿ ಸೇದಿದ, ಗೊಣಗಿದ, ಕೊನೆಗೆ ತಾಳ್ಮೆಗೆಟ್ಟು ಸಲಿಕೆ ಹಾಕಿಯೇಬಿಟ್ಟ. ಅರ್ಧಕ್ಕರ್ಧ ಗೂಡುಗಳು ತುಂಬಿದಂತೆಯೇ ಟ್ರೇಲರ್ ಸೇರಿದವು.

ಆ ವಾರವೇ ನನ್ನ ಕೂಸು ಹೋಯಿತು.

ನೋಡಲು ಬಂದವರೆಲ್ಲ ಕಾರಣ ಹುಡುಕಿದರು: ಬಸ್ಸು ಹತ್ತಿದ್ದು, ಪಪ್ಪಾಯಿ ತಿಂದದ್ದು. ಕೇಳಿ ಕೇಳಿ ಸುಸ್ತಾಗಿತ್ತು. ದೊಡ್ಡವ್ವ ಬಂದಾಗ ಗೋಡೆಗೆ ಮುಖ ಮಾಡಿ ಮಲಗಿದೆ. ತಿಪ್ಪೆಯ ಮಾತೆತ್ತುತ್ತಾಳೆಂದು ಹೆದರಿದ್ದೆ. ಅಷ್ಟರಲ್ಲಿ ನಾನೂ ಅದನ್ನು ಅರ್ಧ ನಂಬಿದ್ದೆ. ಆಕೆ ನನ್ನ ಕಾಲು ಒತ್ತುತ್ತ ಕೂತಳು.

"ತಿಪ್ಪಿಗೂ ನಿನ್ನ ಹೊಟ್ಟಿಗೂ ಏನೂ ಇಲ್ಲವ್ವ. ಅದು ಬರೇ ಅಣಬಿ. ನನಗ ಸುಮ್ನ ಕುಂದ್ರಾಕ ಆಗ್ಲಿಲ್ಲ, ನೀರು ಬಿಟ್ಟೆ. ನೀ ಏನೂ ಮಾಡಿಲ್ಲ. ಮಕ್ಕೊ."

ಎಷ್ಟೋ ದಿನಗಳ ಮೇಲೆ ಅಂದು ನಿದ್ದೆ ಬಂತು.

ಹೋದ ವರ್ಷ ದೊಡ್ಡವ್ವ ತೀರಿಕೊಂಡಳು. ಮಣ್ಣಿಗೆ ಹೋದಾಗ ಮೈದುನನ ಹೆಂಡತಿ ಹೇಳಿದಳು: ಗೊಬ್ಬರ ಹೇರಿದ ಆ ದಿನದಿಂದ ಸಾಯುವತನಕ ಆಕೆ ಮೈದುನನ ಜೊತೆ ಒಂದು ಮಾತೂ ಆಡಿರಲಿಲ್ಲವಂತೆ.