ಗೆರೆ ದಾಟಿದ ಹಿಮ್ಮಡಿ

ಕಳೆದ ತಿಂಗಳು ಸಕಲೇಶಪುರದ ಮೈದಾನಕ್ಕೆ ಮಗಳ ಶಾಲೆಯ ಕಬಡ್ಡಿ ಪಂದ್ಯ ನೋಡಲು ಹೋಗಿದ್ದೆ. ಪಂದ್ಯ ಇನ್ನೂ ಶುರುವಾಗಿರಲಿಲ್ಲ. ಇಬ್ಬರು ಅಂಕಣಕ್ಕೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದರು. ಇಬ್ಬನಿಗೆ ಒದ್ದೆಯಾದ ಮಣ್ಣಿನ ಮೇಲೆ ಸುಣ್ಣ ಬಿದ್ದಾಗ ಒಂದು ಘಾಟು ಏಳುತ್ತದಲ್ಲ, ಅದು ಮೂಗಿಗೆ ಬಡಿದದ್ದೇ ತಡ, ಹಳೇ ಸಿಟ್ಟು ಎದ್ದು ಬಂತು. ಬೇರೆಯವರಿಗೆ ಹಳೆಯ ವಾಸನೆ ಬಂದರೆ ಅಜ್ಜಿಯೋ ತಿಂಡಿಯೋ ನೆನಪಾಗುತ್ತದೆ. ನನಗೆ ನಮ್ಮ ಡ್ರಿಲ್ ಮೇಷ್ಟ್ರು ನೆನಪಾದರು. ಅವರ ಹಿಂದೆಯೇ ನಮ್ಮೂರಿನ ಸಾಹುಕಾರರೂ ನೆನಪಾದರು...

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮದು ವನಗೂರಿನ ಕಡೆಯ ಒಂದು ಹೈಸ್ಕೂಲು. ಮೇಷ್ಟ್ರು ಅರಸೀಕೆರೆ ಕಡೆಯ ಬಯಲುಸೀಮೆಯವರು. ಜಿಗಣೆ ಕಂಡರೆ ಕುಣಿದಾಡುತ್ತಿದ್ದರು, ಬೇಸಿಗೆಯಲ್ಲೂ ಸ್ವೆಟರ್ ಬಿಚ್ಚುತ್ತಿರಲಿಲ್ಲ. ನಾವು ಹುಡುಗಿಯರು ಅವರ ಬೆನ್ನ ಹಿಂದೆ ನಕ್ಕದ್ದಕ್ಕೆ ಲೆಕ್ಕವಿಲ್ಲ. ಆದರೆ ಹೆಣ್ಣುಮಕ್ಕಳ ಕಬಡ್ಡಿ ಟೀಮು ಕಟ್ಟಬೇಕೆಂದು ಹೊರಟವರು ಅವರೊಬ್ಬರೇ. ಮನೆಮನೆಗೆ ಹೋಗಿ ನಮ್ಮ ಅಮ್ಮಂದಿರ ಮುಂದೆ ಕೈಕಟ್ಟಿ ಕೂತು ಒಪ್ಪಿಸಿದರು.

ಅಮ್ಮಂದಿರು ಒಪ್ಪಿದರೂ ಶಾಲಾ ಸಮಿತಿಯ ಅಧ್ಯಕ್ಷರು ಒಪ್ಪಬೇಕಿತ್ತಲ್ಲ. ಅವರೇ ಸಾಹುಕಾರರು, ದೊಡ್ಡ ಎಸ್ಟೇಟಿನವರು. ಹುಡುಗಿಯರು ತೊಡೆ ತಟ್ಟುವುದೇ ಎಂದು ಮೊದಲು ಮುಖ ಸಿಂಡರಿಸಿದರು. ಆಮೇಲೆ ದೊಡ್ಡ ಮನಸ್ಸು ಮಾಡಿದವರಂತೆ ಒಂದು ಷರತ್ತು ಹಾಕಿದರು.

"ಹಾಸನದ ಗ್ರಾಮೀಣ ಕ್ರೀಡಾಕೂಟದಾಗೆ ಗೆದ್ದು ಬಂದ್ರೆ ಮುಂದಿನ ವರ್ಷಾನೂ ಆಡ್ಲಿ ಮೇಷ್ಟ್ರೇ. ಸೋತು ಊರ ಮಾನ ಕಳೆದ್ರೆ ಅಲ್ಲಿಗೆ ಬಂದ್. ಮತ್ತೆ ಆ ಮಾತು ಎತ್ಬ್ಯಾಡಿ."

ಗಂಡುಹುಡುಗರ ವಾಲಿಬಾಲ್ ಟೀಮು ಹೋದ ಕಡೆಯೆಲ್ಲ ಸೋತು ಬರುತ್ತಿತ್ತು. ಅವರಿಗೆ ಇಂಥ ಷರತ್ತು ಯಾವತ್ತೂ ಇರಲಿಲ್ಲ. ಸೋತು ಬಂದ ದಿನವೂ ಸಾಹುಕಾರರ ಮನೆಯಲ್ಲಿ ಅವರಿಗೆ ಕೋಳಿಸಾರಿನ ಊಟ. ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ಮೇಷ್ಟ್ರು ನಮಗೆ ಕಲಿಸಿದ ಕಬಡ್ಡಿ ತೀರಾ ಸಪ್ಪೆ ಎನ್ನಿಸುತ್ತಿತ್ತು. ಹಾರಿ ಬೀಳುವುದು, ಮೂರು ಮೂರು ಜನರನ್ನು ಎಳೆದುಕೊಂಡು ಬರುವುದು, ಇದ್ಯಾವುದಕ್ಕೂ ಅವರಲ್ಲಿ ಶಾಭಾಸ್‌ಗಿರಿ ಇರಲಿಲ್ಲ. ಉಗುರು ಕತ್ತರಿಸಿಕೊಂಡಿದ್ದೀಯಾ, ಜಡೆ ಬಿಗಿಯಾಗಿ ಮಡಚಿ ಕಟ್ಟಿದ್ದೀಯಾ, ಉಸಿರು ಕಡಿಯದೆ ಕಬಡ್ಡಿ ಕಬಡ್ಡಿ ಅಂದೆಯಾ, ಇನ್ನೊಬ್ಬಳ ಸರದಿಯಲ್ಲಿ ನೀನು ನುಗ್ಗಿದೆಯಾ... ಬರೀ ಇಂಥವೇ. "ಅವ್ರು ಕಷ್ಟಪಟ್ಟು ತಗಳೋ ಪಾಯಿಂಟ್ ತಗಳ್ಲಿ. ನಾವಾಗೇ ಕೊಡೋದು ಬ್ಯಾಡ ಕಣ್ರಮ್ಮ" ಎನ್ನುತ್ತಿದ್ದರು. ನಮಗೆ ಆಕಳಿಕೆ ಬರುತ್ತಿತ್ತು.

ನಾವು ಆಡುತ್ತಿದ್ದದ್ದು ಸಾಹುಕಾರರ ಗದ್ದೆಯಲ್ಲಿ, ಕೊಯ್ಲು ಮುಗಿದ ಮೇಲೆ. ನಮ್ಮ ಕಡೆಯ ಗದ್ದೆಗಳು ಗೊತ್ತಲ್ಲ, ಗುಡ್ಡದ ಇಳಿಜಾರಿಗೆ ಮೆಟ್ಟಿಲಂತೆ ಕಡಿದವು, ಅಗಲವೇ ಇಲ್ಲ. ಆ ಬದುವಿನಿಂದ ಈ ಬದುವಿಗೆ ಅಂಕಣ ಸರಿಹೋಗುತ್ತಿತ್ತು, ಅಷ್ಟೇ. ಎದುರಾಳಿ ನುಗ್ಗಿದಾಗ ನಾವು ಹಿಂದೆ ಹಿಂದೆ ಸರಿಯುತ್ತ ಹೋಗಿ, ಹಿಮ್ಮಡಿಗೆ ಬದು ತಾಕಿದೊಡನೆ ನಿಲ್ಲುತ್ತಿದ್ದೆವು. ಅಲ್ಲಿಂದಲೇ ಬದುವಿಗೆ ಕಾಲು ಕೊಟ್ಟು ಮುಂದೆ ಚಿಮ್ಮುತ್ತಿದ್ದೆವು. ನೋಡಲು ಬಲು ಚಂದ. ಗೆರೆ ಎಲ್ಲಿದೆ ಎಂದು ಕಣ್ಣಲ್ಲಿ ಅಳೆಯುವ ಗೊಡವೆಯೇ ನಮಗಿರಲಿಲ್ಲ.

ಅದನ್ನು ಗಮನಿಸಿದವರು ಮೇಷ್ಟ್ರು ಮಾತ್ರ. "ಹಾಸನದಾಗೆ ಬದು ಇರಲ್ಲ, ಬರೀ ಸುಣ್ಣ ಇರ್ತದೆ" ಎಂದು ತಲೆ ಮೇಲೆ ಕೈಹೊತ್ತು ಕೂತರು. ಬದುವಿಗಿಂತ ಎರಡು ಗೇಣು ಒಳಗೆ ಬೂದಿಯಲ್ಲಿ ಗೆರೆ ಎಳೆದರು. ನಮ್ಮ ಕಾಲು ಅದನ್ನು ದಾಟಿ ಬದುವನ್ನೇ ಹುಡುಕಿಕೊಂಡು ಹೋಗುತ್ತಿತ್ತು. ಇದು ಬದುವಿಲ್ಲದ ಜಾಗದಲ್ಲಿ ಆಡಿದರೆ ಮಾತ್ರ ಬಿಟ್ಟುಹೋಗುವ ಚಾಳಿ ಎಂದು ಅವರಿಗೆ ಖಾತ್ರಿಯಾಯಿತು. ಶಾಲೆಯ ಹಿಂದೆ ಒಂದು ಸಮತಟ್ಟಾದ ಅಂಗಳವಿತ್ತು. ಆದರೆ ಅದರ ತುಂಬ ಸಾಹುಕಾರರು ಹೊಸ ಕೊಠಡಿ ಕಟ್ಟಿಸುವುದಾಗಿ ಹೇಳಿ ತಂದು ಹಾಕಿಸಿದ್ದ ಮರದ ದಿಮ್ಮಿಗಳು ಬಿದ್ದಿದ್ದವು. ದಿಮ್ಮಿ ಒಂದು ಬದಿಗೆ ಸರಿಸಿಕೊಡಿ ಎಂದು ಕೇಳಲು ಮೇಷ್ಟ್ರು ಎಸ್ಟೇಟಿಗೆ ಹೋದರು. ಟೀಮಿನ ನಾಯಕಿಯೆಂದು ನನ್ನನ್ನೂ ಕರೆದುಕೊಂಡು ಹೋಗಿದ್ದರು.

"ನಮ್ಮ ಗದ್ದೆಗೆ ಏನ್ ರೋಗ ಬಂದೈತೆ ಮೇಷ್ಟ್ರೇ? ಗದ್ದೇಲಾದ್ರೆ ರಸ್ತೆ ಮೇಲೆ ಹೋಗೋರು ನಿಂತು ನೋಡ್ತಾರೆ. ಆ ಮೂಲೇಲಿ ಯಾವನ್ ನೋಡ್ತಾನೆ?" ಎಂದರು ಸಾಹುಕಾರರು.

ನೋಡಿದಿರಾ! ಅವರಿಗೆ ಬೇಕಾಗಿದ್ದದ್ದು ನಮ್ಮ ಆಟವಲ್ಲ, ತಮ್ಮ ಗದ್ದೆಯಲ್ಲಿ ಆಟ ನಡೆಯುತ್ತಿದೆ ಎಂಬ ಹೆಸರು. ಮೇಷ್ಟ್ರು ಮತ್ತೆರಡು ಸಲ ಹೋಗಿ ಬಂದರು. ದಿಮ್ಮಿ ಅಲುಗಲಿಲ್ಲ.

ಹಾಸನಕ್ಕೆ ಜೀಪಿನಲ್ಲಿ ಹೋದೆವು, ಸಾಹುಕಾರರು ಕಾರಿನಲ್ಲಿ ಬಂದರು. ಮೊದಲ ಪಂದ್ಯಗಳನ್ನು ಸುಲಭವಾಗಿ ಗೆದ್ದೆವು, ಫೈನಲ್ ಮಾತ್ರ ಸಮಸಮ. ಅರಸೀಕೆರೆ ಕಡೆಯ ಹುಡುಗಿಯರು ಎದುರಿಗೆ. ಅವರು ನಮಗಿಂತ ಒಂದು ಗುಲಗಂಜಿಯಷ್ಟೂ ಹೆಚ್ಚಲ್ಲ, ಇವತ್ತಿಗೂ ಹಾಗೇ ಹೇಳುತ್ತೇನೆ. ಆದರೆ ಮೊದಲರ್ಧದಲ್ಲೇ ನಮ್ಮ ಇಬ್ಬರು ಯಾರೂ ಮುಟ್ಟದೆ, ಯಾರೂ ನೂಕದೆ, ಹಿಂದೆ ಸರಿಯುತ್ತ ಗೆರೆ ದಾಟಿ ಔಟಾದರು. ಮೇಷ್ಟ್ರು ಹೊರಗಿನಿಂದ "ಕಾಲು ನೋಡ್ಕಳ್ರಮ್ಮ, ಕಾಲು" ಎಂದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರು. ಕೊನೆಯ ರೈಡಿನ ಹೊತ್ತಿಗೆ ಎರಡೂ ಕಡೆ ಸಮ. ಅವರ ಹುಡುಗಿ ನಮ್ಮೊಳಗೆ ಬಂದಳು. ಬಂದು ಏನೂ ಮಾಡಲಿಲ್ಲ, ಸುಮ್ಮನೆ ಕಬಡ್ಡಿ ಕಬಡ್ಡಿ ಎನ್ನುತ್ತ ಆಚೆಯಿಂದ ಈಚೆಗೆ ಓಡಾಡಿದಳು. ಎಡಮೂಲೆಯಲ್ಲಿದ್ದ ನನ್ನ ಗೆಳತಿ ಹಿಂದೆ ಸರಿದಳು, ಇನ್ನೂ ಸರಿದಳು... ಅವಳ ಹಿಮ್ಮಡಿ ಬದುವನ್ನು ಹುಡುಕುತ್ತಿತ್ತು. ಲೈನ್ಸ್‌ಮನ್ ಬಾವುಟ ಎತ್ತಿದ. ಒಂದೇ ಒಂದು ಪಾಯಿಂಟಿಗೆ ಸೋತೆವು.

ಸಾಹುಕಾರರು ಪಂಚೆ ಎತ್ತಿಕಟ್ಟಿ ಅಂಕಣದೊಳಕ್ಕೇ ನುಗ್ಗಿದರು. ಅಂಪೈರ್ ಮೋಸ, ದುಡ್ಡು ತಿಂದವನೆ, ಹಾಗೆ ಹೀಗೆ. ಊರಿನಿಂದ ಬಂದವರೆಲ್ಲ ದನಿಗೂಡಿಸಿದರು. ಆಮೇಲೆ ಅವರು ಮೇಷ್ಟ್ರ ಭುಜದ ಮೇಲೆ ಕೈಹಾಕಿ, ನಮಗೆಲ್ಲ ಕೇಳುವಂತೆಯೇ ಹೇಳಿದರು. "ಕಾಲು ಒಳಗೇ ಇತ್ತು ಅಂತ ಒಂದು ಮಾತು ಹೇಳ್ಬುಡಿ ಮೇಷ್ಟ್ರೇ. ಮೋಸದಿಂದ ಸೋತ್ರೆ ಅದು ಸೋಲಲ್ಲ. ನಿಮ್ಮ ಹುಡ್ಗೀರ ಟೀಮು ಮುಂದಿನ ವರ್ಷಾನೂ ಇರ್ತದೆ, ನಾನಿದೀನಿ."

ಮೇಷ್ಟ್ರು ನಮ್ಮ ಕಡೆ ನೋಡಿದರು. ನಾವೆಲ್ಲ ಅವರ ಬಾಯಿಯನ್ನೇ ನೋಡುತ್ತ ನಿಂತಿದ್ದೆವು. ಹೇಳಿ ಮೇಷ್ಟ್ರೇ, ಒಂದು ಮಾತು, ಹೇಳಿಬಿಡಿ... ನನ್ನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ.

"ಕಾಲು ಆಚೆ ಇತ್ತು ಸಾವ್ಕಾರ್ರೇ. ನಾನೇ ಕಂಡಿದೀನಿ" ಎಂದರು ಮೇಷ್ಟ್ರು. "ನೀವು ಆ ದಿಮ್ಮಿ ತೆಗೆಸಿಕೊಟ್ಟಿದ್ರೆ ಒಳಗೇ ಇರ್ತಿತ್ತು" ಎಂದು ಸೇರಿಸಿದರು.

ಮುಗಿಯಿತು. ಟೀಮು ಅಲ್ಲಿಗೇ ಬಂದ್. ಗೆದ್ದವರು ಅರಸೀಕೆರೆ ಕಡೆಯವರು, ಮೇಷ್ಟ್ರೂ ಆ ಕಡೆಯವರು, ತಮ್ಮೂರಿಗೆ ಆಟ ಬಿಟ್ಟುಕೊಟ್ಟರು ಎಂಬ ಕಥೆ ವಾರದೊಳಗೆ ಊರೆಲ್ಲ ಹಬ್ಬಿತು. ಗೆರೆ ದಾಟಿದ ಕಾಲನ್ನು ಕಣ್ಣಾರೆ ಕಂಡಿದ್ದ ಜನವೇ ಅದನ್ನು ಹೇಳಿಕೊಂಡು ತಿರುಗಿದರಲ್ಲ, ಅವರ ನಾಲಿಗೆಗೆ ಏನಾಗಿತ್ತು? ಮೇಷ್ಟ್ರು ನನ್ನ ಗೆಳತಿಯ ಮನೆಗೆ ಹೋಗಿ, ತಪ್ಪು ನಿನ್ನದಲ್ಲ ಎಂದು ಹೇಳಿ ಬಂದರಂತೆ. ಬೇಸಿಗೆ ರಜೆಯಲ್ಲಿ ಅವರಿಗೆ ವರ್ಗವಾಯಿತು. ಜೂನಿನಲ್ಲಿ ಶಾಲೆ ತೆರೆದಾಗ ಅವರಿರಲಿಲ್ಲ. ಕೊಠಡಿಯನ್ನು ಯಾರೂ ಕಟ್ಟಿಸಲಿಲ್ಲ, ದಿಮ್ಮಿಗಳು ಮಳೆಯಲ್ಲಿ ನೆನೆದು ಅಣಬೆ ಎದ್ದವು. ನಾನು ಮತ್ತೆ ಕಬಡ್ಡಿ ಆಡಲಿಲ್ಲ. ಆಡುವುದಕ್ಕೆ ಜಾಗವೂ ಇರಲಿಲ್ಲ, ಜೊತೆಯೂ ಇರಲಿಲ್ಲ.

ಸಾಹುಕಾರರ ಮೇಲೆ ಸಿಟ್ಟಿರುವುದು ಸರಿಯೇ. ಆದರೆ ಮೇಷ್ಟ್ರ ಮೇಲೂ ನನಗೆ ಸಿಟ್ಟಿತ್ತು, ಬಹಳ ವರ್ಷ ಇತ್ತು. ಒಂದು ಸಣ್ಣ ಸುಳ್ಳು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ನಮಗೆ ಇನ್ನೊಂದು ವರ್ಷ ಸಿಗುತ್ತಿತ್ತು. ಮಾತು ಬೆಳೆಸಿ ದಿಮ್ಮಿಯ ವಿಷಯವನ್ನು ಬೇರೆ ಎತ್ತಬೇಕಿತ್ತೇ?

ಕಳೆದ ತಿಂಗಳ ಆ ಪಂದ್ಯದಲ್ಲಿ ನನ್ನ ಮಗಳು ಗೆರೆ ದಾಟಿದಳು. ಅವಳ ಕೋಚು ಅಂಪೈರ್ ಮೇಲೆ ಹರಿಹಾಯ್ದ, ಅಪ್ಪ ಅಮ್ಮಂದಿರೆಲ್ಲ ಎದ್ದು ನಿಂತು ಮೋಸ ಮೋಸ ಎಂದು ಕೂಗಿದರು. ಪಕ್ಕದವರು ನನ್ನ ತೋಳು ಹಿಡಿದು, "ನಿಮ್ಮ ಮಗಳೇ ಅಲ್ವೇನ್ರೀ? ಕಾಲು ಒಳಗಿತ್ತು ಅಂತ ಹೇಳ್ಬಾರ್ದಾ?" ಎಂದರು. "ಆಚೆ ಇತ್ತು ಕಣ್ರೀ" ಎಂದೆ. ಎಲ್ಲರೂ ತಿರುಗಿ ನೋಡಿದರು. ಮಗಳೂ ನೋಡಿದಳು. ಮನೆಗೆ ಬರುವಾಗ ಬಸ್ಸಿನಲ್ಲಿ ಅವಳು ನನ್ನ ಪಕ್ಕದ ಸೀಟು ಬಿಟ್ಟು ಹಿಂದೆ ಹೋಗಿ ಕೂತಳು.

ಮೇಷ್ಟ್ರು ತೀರಿಕೊಂಡು ಕೆಲವು ವರ್ಷಗಳಾದವು ಎಂದು ಯಾರೋ ಹೇಳಿದ್ದರು. ಬದುಕಿದ್ದರೆ ಅವತ್ತು ರಾತ್ರಿಯೇ ಫೋನು ಮಾಡಿ ಕೇಳುತ್ತಿದ್ದೆ. ನಾವಷ್ಟೂ ಹುಡುಗಿಯರು ನಿಮ್ಮ ಬಾಯಿ ನೋಡುತ್ತ ನಿಂತಿದ್ದೆವಲ್ಲ ಮೇಷ್ಟ್ರೇ, ಆ ಮಾತು ನಿಮಗೆ ಹೇಗೆ ಹೊರಟಿತು? ನನಗೆ ಒಬ್ಬಳೇ ಮಗಳ ಮುಂದೆ ಅದನ್ನು ಹೇಳುವುದೇ ಇಷ್ಟು ಕಷ್ಟವಾಯಿತು.