ಹೊಳೆಬದಿಯ ಸೈರನ್ ಮತ್ತು ಝೈನಬಕ್ಕ

ದರ್ಬೆಯ ಮುಖ್ಯರಸ್ತೆಯಲ್ಲಿ ಎರಡು ಮೊಬೈಲ್ ಅಂಗಡಿಗಳ ನಡುವೆ ಝೈನಬಕ್ಕನ ರಿಪೇರಿ ಅಂಗಡಿ. ಮೊದಲು ಅದು ಅವರ ತಂದೆಯ ರೇಡಿಯೋ ಅಂಗಡಿಯಾಗಿತ್ತು. ತಂದೆಯ ಕೈ ನಡುಗತೊಡಗಿದಾಗ ಇಪ್ಪತ್ತೆರಡು ವರ್ಷದ ಝೈನಬಕ್ಕ ಅವರ ರಿಪೇರಿ ಮೇಜಿನ ಮುಂದೆ ಕೂತರು. ಹೆಂಗಸಿನ ಕೈಗೆ ರೇಡಿಯೋ ಕೊಡಲು ಹಿಂಜರಿದವರೇ ಒಂದು ವರ್ಷದಲ್ಲಿ ಅವರನ್ನು ಹುಡುಕಿಕೊಂಡು ಬರತೊಡಗಿದರು. ಆಮೇಲೆ ಟಿವಿ, ಮಿಕ್ಸಿ. ಐವತ್ತು ದಾಟಿದ ಮೇಲೆ ಫೋನಿನ ವಿಡಿಯೋ ನೋಡಿ ಮೈಕ್ರೋಕಂಟ್ರೋಲರ್ ಎಂಬ, ಹೇಳಿಕೊಟ್ಟಂತೆ ಕೆಲಸ ಮಾಡುವ ಪುಟ್ಟ ಚಿಪ್ಪಿನ ಕೆಲಸವನ್ನೂ ಕಲಿತರು.

ಕಳೆದ ಮೇಯಲ್ಲಿ ಕೊಲ್ಲಮೊಗ್ರಿನ ಶಾಲೆಯ ಜಯಪ್ರಕಾಶ್ ಮಾಸ್ತರು ಒಂದು ಡಬ್ಬ ತಂದರು. ಊರಿನ ಹೊಳೆ ದಾಟುವ ಕಾಲುಸಂಕಕ್ಕೆಂದು ಅವರೇ ಮಾಡಿದ ಸೈರನ್. ಹೊಳೆ ಏರಿದರೆ ಕೂಗಬೇಕು. ಅಲ್ಲಿ ಕರೆಂಟಿಲ್ಲ.

"ಐದು ದಿನಕ್ಕೆ ಸೆಲ್ ಖಾಲಿ ಅಕ್ಕ. ದೊಡ್ಡ ಬ್ಯಾಟರಿ ಹಾಕುದಾ?"

"ಅದು ಆಮೇಲೆ ಮಾಷ್ಟ್ರೆ. ಸುಮ್ಮನೆ ಕೂತಾಗ ಇದು ಎಷ್ಟು ತಿಂತದೆ ಅಂತ ಮೊದಲು ನೋಡುವ."

ಮೀಟರ್ ಹದಿನೈದು ಮಿಲಿಆಂಪಿಯರ್ ತೋರಿಸಿತು; ಸುಮ್ಮನೆ ಕೂತ ಡಬ್ಬಕ್ಕೆ ಅದು ತೀರಾ ಹೆಚ್ಚು. ನೀರು ಬಂತೇ ಎಂದು ಚಿಪ್ಪು ಇಡೀ ದಿನ ಎಚ್ಚರವಿದ್ದು ನೋಡುತ್ತಿತ್ತು. ಮುಚ್ಚಿದ ಡಬ್ಬದೊಳಗೆ ಒಂದು ಕೆಂಪು ದೀಪವೂ ಉರಿಯುತ್ತಿತ್ತು. ಝೈನಬಕ್ಕ ನಕ್ಕು ದೀಪವನ್ನು ಕಿತ್ತರು.

"ನಮ್ಮ ತಂದೆ ರೇಡಿಯೋದ ಡಯಲ್ ಬಲ್ಬಿನ ವಯರ್ ಕತ್ತರಿಸಿ ಕೊಡ್ತಿದ್ರು. ಕೇಳ್ಲಿಕ್ಕೆ ಬೆಳಕು ಎಂತಕ್ಕೆ ಮಾರಾಯ್ರೆ ಅಂತ ಕೇಳ್ತಿದ್ರು."

ಆ ಕಾಲದಲ್ಲಿ ಸೆಲ್ ಉಳಿಸಲೆಂದು ವಾರ್ತೆ ಮುಗಿದ ಕೂಡಲೇ ಜನ ರೇಡಿಯೋ ನಿಲ್ಲಿಸುತ್ತಿದ್ದರು. ಸೋತ ಸೆಲ್ಲುಗಳನ್ನು ಅಂಗಳದ ಬಿಸಿಲಿಗಿಟ್ಟು ಇನ್ನೊಂದು ದಿನ ಹಾಡು ಕೇಳುತ್ತಿದ್ದರು. ಹೇಳುತ್ತಾ ಹೇಳುತ್ತಾ ಝೈನಬಕ್ಕನ ಕೈಯ ಕೆಲಸ ನಿಂತೇ ಹೋಗಿತ್ತು.

ಮರುದಿನ ಚಿಪ್ಪಿನ ಪ್ರೋಗ್ರಾಂ ಬದಲಾಯಿಸಿದರು. ಇನ್ನು ಚಿಪ್ಪು ಮಲಗಿಯೇ ಇರಬೇಕು. ನೀರಿನಲ್ಲಿ ತೇಲುವ ಪ್ಲಾಸ್ಟಿಕ್ ಬುರುಡೆ ಮೇಲೆದ್ದಾಗ ಅದರ ಸ್ವಿಚ್ಚು ಚಿಪ್ಪನ್ನು ಎಬ್ಬಿಸಬೇಕು. ಬಕೆಟ್ಟಿಗೆ ನೀರು ಹುಯ್ದರು. ಬುರುಡೆ ಎದ್ದಿತು, ಸೈರನ್ ಕೂಗಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ತಪ್ಪು ತಿಳಿಯಿತು: ಮಲಗಿದ ಚಿಪ್ಪನ್ನು ಎಬ್ಬಿಸಲಾಗದ ಪಿನ್ನಿಗೆ ಸ್ವಿಚ್ಚಿನ ವಯರ್ ಹಾಕಿದ್ದರು. ಸರಿಪಡಿಸಿದಾಗ ಸೈರನ್ ಎಷ್ಟು ಜೋರಾಗಿ ಕೂಗಿತೆಂದರೆ ಪಕ್ಕದ ಅಂಗಡಿಯ ರವೂಫ್ ಓಡಿಬಂದ.

ಮಳೆಗಾಲಕ್ಕೆ ಮೊದಲು ಮಾಸ್ತರು ಡಬ್ಬವನ್ನು ಒಯ್ದು ಸಂಕದ ಬಳಿಯ ಮರಕ್ಕೆ ಕಟ್ಟಿದರು. ಜುಲೈಯ ಒಂದು ಬೆಳಿಗ್ಗೆ ಅವರ ಫೋನ್ ಬಂತು. ಹೊಳೆ ದಾಟಿ ಹಾಲು ಕೊಡಲು ಹೊರಟಿದ್ದ ಊರಿನ ದೇವಮ್ಮ ಸೈರನ್ ಕೇಳಿ ದಡದಲ್ಲೇ ನಿಂತರಂತೆ. ಅರ್ಧ ಗಂಟೆಯಲ್ಲಿ ಕಾಲುಸಂಕವೇ ಕೊಚ್ಚಿಹೋಯಿತು. ಡಬ್ಬ ಮಾತ್ರ ದಡದ ಮರದಲ್ಲಿ ಭದ್ರವಾಗಿ ಉಳಿದಿತ್ತು.

"ಸೆಲ್ ಯಾವಾಗ ಬದಲಾಯಿಸಿದ್ದು?" ಝೈನಬಕ್ಕ ಕೇಳಿದರು.

"ಬದಲಾಯಿಸ್ಲೇ ಇಲ್ಲ ಅಕ್ಕ. ನೀವು ಹಾಕಿ ಕೊಟ್ಟದ್ದೇ ಉಂಟು."

ಮುಂದಿನ ಆದಿತ್ಯವಾರ ಝೈನಬಕ್ಕ ಬಸ್ಸು ಹತ್ತಿ ಕೊಲ್ಲಮೊಗ್ರಿಗೆ ಹೋದರು. ದೇವಮ್ಮ ಚಾ ಕೊಟ್ಟು, "ನಮ್ಮ ಮಾವ ರೇಡಿಯೋ ಹಿಡ್ಕೊಂಡು ನಿಮ್ಮ ತಂದೆಯವರಲ್ಲಿಗೇ ಬರ್ತಿದ್ರು. ಅವರ ಕತೆ ಕೇಳ್ತಾ ಕೂತರೆ ಬಸ್ಸು ತಪ್ಪುದೇ ಅಂತ ಹೇಳ್ತಿದ್ರು" ಎಂದರು. ಝೈನಬಕ್ಕ ಬಸ್ಸಿನ ಹೊತ್ತು ನೋಡಲು ಹೋಗಲಿಲ್ಲ. ಇನ್ನೊಂದು ಲೋಟ ಚಾ ಕೇಳಿ ಕುಡಿದರು.